ದಾಕ್ಷಾಯಣಮ್ಮ ಮೇಡಂ

ಮುಖ ತೊಳೆದುಕೊಂಡು ಹಿತ್ತಲಿಂದ ಬರುತ್ತಿದ್ದ ದಾಕ್ಷಾಯಣಮ್ಮನ ಎರಡೂ ಕೈಗಳನ್ನು ಒಬ್ಬ ಹುಡುಗಿ ಗಪ್ಪನೆ ಹಿಡಿದುಕೊಂಡು ಗೊಳೋ ಎಂದು ಅತ್ತಳು. ಬೆನ್ನಿಗೆ ಕಾಲೇಜಿನ ಚೀಲ, ಪಕ್ಕದಲ್ಲೊಬ್ಬ ಕನ್ನಡಕದ ಹುಡುಗ. ಇಬ್ಬರನ್ನೂ ಆಕೆ ಕಂಡವಳಲ್ಲ.

"ದಾಕ್ಷಾಯಣಮ್ಮ ಮೇಡಂನ ಒಂದ್ಸಲನೂ ನೋಡಿರ್ಲಿಲ್ಲ ಕಣಮ್ಮ. ಈಗ ಹಿಂಗೆ ನೋಡಂಗಾತು," ಎಂದಳು ಹುಡುಗಿ.

ದಾಕ್ಷಾಯಣಮ್ಮ ತಬ್ಬಿಬ್ಬಾದಳು. ತನ್ನ ಸಾವಿಗೆ ಅಳುವವರನ್ನು ತಾನೇ ಸಮಾಧಾನ ಮಾಡುವ ಗತಿ ಹಿರಿಯೂರಿನಲ್ಲಿ ಬೇರೆ ಯಾವ ಹೆಂಗಸಿಗೂ ಬಂದಿರಲಾರದು.

"ನಾನೇ ಕಣವ್ವ ದಾಕ್ಷಾಯಣಮ್ಮ. ಹೋದೋರು ನಮ್ಮ ಯಜಮಾನ್ರು."

ಹುಡುಗಿಯ ಅಳು ಗಕ್ಕನೆ ನಿಂತಿತು. ಅಂಗಳದ ಚಪ್ಪರದಡಿ ಮೈತುಂಬ ವಿಭೂತಿ ಬಳಿದು, ಹೂವಿನ ಹಾರ ಹಾಕಿ ಕೂರಿಸಿದ್ದ ಗಂಗಾಧರಪ್ಪ ಮೇಷ್ಟ್ರನ್ನು ಒಮ್ಮೆ, ಈಕೆಯನ್ನು ಒಮ್ಮೆ ನೋಡಿದಳು. ಅವಳು ಭರಮಸಾಗರದ ಪಲ್ಲವಿ, ಅವನು ಹೊಳಲ್ಕೆರೆಯ ಶರಣ್. ಇಬ್ಬರೂ ದುರ್ಗದಲ್ಲಿ ಇಂಜಿನಿಯರಿಂಗ್ ಓದುವವರು. ಕನ್ನಡದಲ್ಲಿ ಕಾಗದ ಬರೆಯುವ ಒಂದು ಸಾಫ್ಟ್‌ವೇರನ್ನು ಊರೂರಿನ ಜನ ಪುಕ್ಕಟೆಯಾಗಿ ಕಟ್ಟುತ್ತಿದ್ದರು. ಯಾರು ಬೇಕಾದರೂ ತಿದ್ದಬಹುದು, ಯಾರಿಗೆ ಬೇಕಾದರೂ ಹಂಚಬಹುದು. ಆ ಕೆಲಸಕ್ಕೆ ಸೇರಿದ ವಿದ್ಯಾರ್ಥಿಗಳನ್ನು ಇಮೇಲ್‌ನಲ್ಲೇ ತಿದ್ದಿ ತೀಡುತ್ತಿದ್ದವರು 'ದಾಕ್ಷಾಯಣಮ್ಮ, ಹಿರಿಯೂರು'. ಬೆಳಿಗ್ಗೆ ಶರಣ್ ಫೋನ್ ಮಾಡಿದಾಗ, ಕಂಪ್ಯೂಟರ್ ಮುಂದೆ ಕೂತಿರುತ್ತಿದ್ದವರೇ ತೀರಿಕೊಂಡರು ಎಂದು ನೆಂಟರು ಯಾರೋ ಹೇಳಿಟ್ಟಿದ್ದರು. ಇಬ್ಬರೂ ಸಿಕ್ಕ ಬಸ್ಸು ಹತ್ತಿದ್ದರು.

*

ವರ್ಷಗಳ ಹಿಂದೆ ಮನೆಗೆ ಫೋನ್ ಲೈನು ಬಂದದ್ದು ದಾಕ್ಷಾಯಣಮ್ಮನ ಹೆಸರಿನಲ್ಲಿ. ಇಂಟರ್‌ನೆಟ್ಟೂ ಇಮೇಲೂ ಅದೇ ಹೆಸರಿನಲ್ಲಿ ಬಂದವು. ಜವನಗೊಂಡನಹಳ್ಳಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದ ಗಂಗಾಧರಪ್ಪನವರಿಗೆ ಅದನ್ನು ಬದಲಿಸುವ ಗೋಜು ಬೇಕಿರಲಿಲ್ಲ.

ಮೇಷ್ಟ್ರದ್ದು ಒಂದು ಪದ್ಧತಿ. ಹುಡುಗರು ಸಾಫ್ಟ್‌ವೇರಿಗೆಂದು ಏನೇ ಬರೆದು ಕಳಿಸಲಿ, ತಾವು ನೋಡುವ ಮೊದಲು ಅಡುಗೆಮನೆಯಿಂದ ಹೆಂಡತಿಯನ್ನು ಕರೆಯುವರು. ಆಕೆ ಕೈ ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂರಬೇಕು. ಮೇಷ್ಟ್ರು ಕೈಕಟ್ಟಿ ಹಿಂದೆ ನಿಲ್ಲುವರು, ತುಟಿ ಪಿಟಕ್ಕೆನ್ನುವುದಿಲ್ಲ. ಆಕೆ ಎಲ್ಲಿ ಎಡವಿದಳೋ, ಏನೆಂದು ಬೈದಳೋ, ಅದನ್ನೇ ಅಕ್ಷರ ಬಿಡದೆ ಬರೆದು ಕಳಿಸುವರು. ಅವರೆಲ್ಲ ನಿಮ್ಮನ್ನು ಮೇಡಂ ಅಂದುಕೊಂಡಾರು ಎಂದು ಆಕೆ ಒಮ್ಮೆ ನಕ್ಕಿದ್ದಳು.

"ಬೈಯೋಳು ನೀನು, ಬರಿಯೋನು ನಾನು. ಹೆಸ್ರು ಯಾರ್ದು ಇರ್ಬೇಕು ಹೇಳು?" ಎಂದಿದ್ದರು ಮೇಷ್ಟ್ರು.

ಆಕೆ ಅದನ್ನು ತಮಾಷೆ ಎಂದುಕೊಂಡು ಒಗ್ಗರಣೆ ಸೀಯುತ್ತದೆಂದು ಓಡಿದ್ದಳು.

*

ಆದಿವಾಲದ ಹೊಲದಲ್ಲಿ ಸಮಾಧಿ ಮುಗಿಸಿ, ಮನೆಗೆ ಬಂದು ಸ್ನಾನ ಮಾಡಿ, ದೀಪ ನೋಡಿದ ಮೇಲೆ ಶರಣ್ ಹೆದರುತ್ತ ವಿಷಯ ತೆಗೆದ. ಬರೆಯುತ್ತಿರುವಾಗ ಕರೆಂಟು ಹೋದರೂ ಬರೆದದ್ದು ಉಳಿಯುವಂತೆ ಪಲ್ಲವಿ ಬೇಸಿಗೆಯಿಂದ ದುಡಿದಿದ್ದಾಳೆ. ಇವತ್ತು ಸಂಜೆಯೊಳಗೆ ಮೇಡಂ ಹೆಸರಿನಿಂದ ಒಪ್ಪಿಗೆ ಹೋಗದಿದ್ದರೆ ಅದನ್ನು ಕೈಬಿಟ್ಟೇ ಸಾಫ್ಟ್‌ವೇರ್ ಹೊರಬರುತ್ತದೆ. ಪಲ್ಲವಿ ಅವನ ತೋಳು ಜಗ್ಗಿದಳು. ಸಾವಿನ ಮನೆಯಲ್ಲಿ ಇದೆಲ್ಲ ಬೇಡವೆಂದಳು.

ದಾಕ್ಷಾಯಣಮ್ಮ ಎದ್ದು ಕಂಪ್ಯೂಟರಿನ ಕೋಣೆಯ ಕಡೆ ನಡೆದಳು. ಮೇಷ್ಟ್ರ ಅಣ್ಣ ಶಿವಕುಮಾರಪ್ಪ ಅಡ್ಡ ಬಂದರು.

"ಮಣ್ಣು ಇನ್ನೂ ಹಸಿ ಐತೆ ಕಣವ್ವ. ಕಂಡೋರು ಏನಂದಾರು?"

"ಅವ್ರು ಇದ್ದಿದ್ರೆ ಇಷ್ಟೊತ್ತಿಗೆ ಕೂಗಿರೋರು ಭಾವ," ಎಂದಳು ಆಕೆ.

ಅವರು ದಾರಿ ಬಿಟ್ಟರು.

ಶರಣ್ ಪಲ್ಲವಿಯ ಹೊಸ ಕೆಲಸವನ್ನು ಕಂಪ್ಯೂಟರಿಗೆ ಇಳಿಸಿಕೊಂಡ. ದಾಕ್ಷಾಯಣಮ್ಮ ಕುರ್ಚಿಯಲ್ಲಿ ಕೂತು, ಒಂದೊಂದೇ ಕೀಲಿ ಹುಡುಕುತ್ತ, ಬಾಯಿಗೆ ಬಂದದ್ದೊಂದು ಸಾಲು ಒತ್ತಿದಳು. ಶರಣ್ ಪ್ಲಗ್ ಕಿತ್ತ. ಪರದೆ ಕಪ್ಪಾಯಿತು. ಮತ್ತೆ ಚುಚ್ಚಿದ. ಹಳೆಯ ಕಂಪ್ಯೂಟರು ಗುಂಯ್‌ಗುಟ್ಟುತ್ತ ಏಳುವಷ್ಟು ಹೊತ್ತೂ ಮೂವರೂ ಕಾದರು.

'ಹಿಂದಿನ ಸ್ಥಿತಿಯ ಪುನಃಸ್ಥಾಪನೆಯನ್ನು ರದ್ದುಪಡಿಸಬೇಕೆ?' ಎಂದಿತು ಪರದೆ. ಕೆಳಗೆ ಹೌದು, ಇಲ್ಲ.

ದಾಕ್ಷಾಯಣಮ್ಮ ಹೌದು ಒತ್ತಿದಳು. ಖಾಲಿ ಹಾಳೆ ಬಂತು.

"ಹೋತಲ್ಲವ್ವ."

ಹೌದು ಅಂದರೆ ಬರೆದದ್ದು ಬೇಡ ಅಂತ ಅರ್ಥವೆಂದು ಪಲ್ಲವಿ ಬಿಡಿಸಿ ಹೇಳಲು ಬಂದಳು. ದಾಕ್ಷಾಯಣಮ್ಮ ಕೈ ಅಡ್ಡ ಹಿಡಿದಳು.

"ಬಾಯಲ್ಲಿ ಹೇಳ್ಬ್ಯಾಡ. ನೀನು ಎಲ್ರ ಮನೇಲೂ ಹೋಗಿ ಕುಂತ್ಕಂತೀಯಾ?"

ಪಲ್ಲವಿ ತಟ್ಟನೆ ಆಕೆಯ ಕಡೆ ತಿರುಗಿದಳು. ಮೇಡಂ ಹೆಸರಿನಲ್ಲಿ ಅವಳಿಗೆ ಬಂದಿದ್ದ ಮೊಟ್ಟಮೊದಲ ಉತ್ತರ ಇದೇ ಮಾತು. ಅದನ್ನು ಹಾಸ್ಟೆಲಿನ ಗೋಡೆಗೆ ಅಂಟಿಸಿಕೊಂಡಿದ್ದಳು.

"ಶರಣ್," ಎಂದಳು, "ಮೇಡಂ ಇವ್ರೇ ಕಣೋ."

ಮೂವರಿಗೂ ನಗು ಒತ್ತರಿಸಿ ಬಂತು. ದಾಕ್ಷಾಯಣಮ್ಮನಿಗಂತೂ ನಾಚಿಕೆ, ದುಃಖ, ಹಿಗ್ಗು ಎಲ್ಲ ಕಲಸುಮೇಲೋಗರವಾಗಿ ಕಣ್ಣು ಮಂಜಾಯಿತು. ಇಷ್ಟು ವರ್ಷ ಆ ಮನುಷ್ಯ ತನ್ನ ಬೈಗುಳವನ್ನೇ ಪಾಠ ಮಾಡಿ ಕಳಿಸಿದ್ದಾನೆ! ಸಾವಿನ ಮನೆಯಲ್ಲಿ ಇದೇನು ನಗುವೆಂದು ಶಿವಕುಮಾರಪ್ಪ ಇಣುಕಿದವರು ಬಾಗಿಲಲ್ಲೇ ನಿಂತುಬಿಟ್ಟರು.

ಪಲ್ಲವಿ ಕೀಲಿಮಣೆ ಎಳೆದುಕೊಂಡಳು. ಆ ಪ್ರಶ್ನೆಯನ್ನು ಅಳಿಸಿ ಬೇರೆ ಬರೆಯತೊಡಗಿದಳು. ಹೊರಗೆ ಬಿಸಿಲು ಇಳಿಯುತ್ತಿತ್ತು, ಶರಣ್ ಗಡಿಯಾರ ನೋಡುತ್ತ ಬಾಗಿಲಿಗೂ ಕಂಪ್ಯೂಟರಿಗೂ ಅಲೆದಾಡಿದ. ಕೊನೆಗೆ ಅವಳು ಕುರ್ಚಿ ಬಿಟ್ಟುಕೊಟ್ಟು, ಯಾರೂ ಹೇಳದೆಯೇ ಕೈಕಟ್ಟಿ ಹಿಂದೆ ನಿಂತಳು.

ದಾಕ್ಷಾಯಣಮ್ಮ ಮೊದಲಿನ ಸಾಲನ್ನೇ ಮತ್ತೆ ಒತ್ತಿದಳು. ಈ ಸಲ ಪ್ಲಗ್ ಕಿತ್ತವರು ಶಿವಕುಮಾರಪ್ಪ.

ಮತ್ತೆ ಚುಚ್ಚಿದಾಗ ಪರದೆ ಬೆಳಗಿತು. 'ನೀವು ಬರೀತಿದ್ದದ್ದು ಅರ್ಧಕ್ಕೆ ನಿಂತಿತ್ತು. ಅದು ಬೇಕಾ?'

ದಾಕ್ಷಾಯಣಮ್ಮ 'ಬೇಕು' ಒತ್ತಿದಳು.

ಬಿಳಿಯ ಹಾಳೆಯ ಮೇಲೆ ಸಾಲು ಮೂಡಿತು: 'ಅನ್ನ ಆರಿ ಹೋಗ್ತೈತೆ, ಏಳ್ರಿ'. ಅದರ ಪಕ್ಕದಲ್ಲಿ ಮುಂದಿನ ಅಕ್ಷರಕ್ಕಾಗಿ ಸಣ್ಣ ಗೆರೆಯೊಂದು ಮಿನುಗುತ್ತಿತ್ತು.