ಫಿಟ್ ಚೀಟಿ

"ಫಿಟ್ ಅಂದ್ರೆ ಏನಣ್ಣಾ?"

ದರ್ಜಿ ವೆಂಕಟಾಚಲಂ ಮಿಷಿನ್ನಿನ ಚಕ್ರಕ್ಕೆ ಕೈ ಒತ್ತಿ ನಿಲ್ಲಿಸಿದ. ಮೊರಪ್ಪೂರು ಸ್ಟೇಷನ್ನಿನ ಎದುರಿನ ಜಗಲಿಯಲ್ಲಿ ಇಪ್ಪತ್ತು ವರ್ಷದಿಂದ ಹೊಲಿಯುತ್ತಿದ್ದರೂ ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಕೇಳಿದವಳು ಮುನಿರತ್ನಮ್ಮ, ಧರ್ಮಪುರಿಗೆ ಹೋಗುವ ಚಿಕ್ಕ ರೈಲಿನ ಹಳಿ ಕೆಲಸದ ಪಾಪಣ್ಣನ ಹೆಂಡತಿ. ಗಂಡನ ಕಾಕಿ ಅಂಗಿಯನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದಳು.

"ಈಗ ನೀನೇ ಏಳ್ದೆಯಲ್ಲ, ಫಿಟ್ಟಾಗಿ ಒಲ್ಕೊಡ್ತೀನಿ ಅಂತ. ಅದುಕ್ಕೇ ಕೇಳ್ದೆ."

"ಅಂಗಿ ಮೈ ಜೊತೆ ಜಗಳ ಆಡ್ಬಾರ್ದಮ್ಮಾ. ಅದು ಫಿಟ್. ಅವ್ವಳವುದಾನ್."

ಅಷ್ಟೇ ಎಂದರೆ ಮುನಿರತ್ನಮ್ಮನಿಗೆ ಸಮಾಧಾನವಾಗಲಿಲ್ಲ. ಪಾಪಣ್ಣ ವಿಷಮಜ್ವರದಿಂದ ಎರಡು ತಿಂಗಳು ಮಲಗಿ ಎದ್ದಿದ್ದ. ಹೋದ ಗುರುವಾರ ಜೋಲಾರಪೇಟೆಯಿಂದ ಬಂದ ರೈಲ್ವೆ ಡಾಕ್ಟರು ಅವನ ತೋಳು ಒತ್ತಿ ನೋಡಿ 'ಅನ್‌ಫಿಟ್' ಎಂದು ಬರೆದು ಹೋಗಿದ್ದರು. ಬರುವ ಗುರುವಾರವೂ ಅದನ್ನೇ ಬರೆದರೆ ಹೆಸರು ಹೊಡೆದುಹಾಕುತ್ತಾರೆ, ಹಳಿ ಪಕ್ಕದ ತಗಡಿನ ಮನೆಯನ್ನೂ ಬಿಡಬೇಕು. ಇಷ್ಟು ಜೋರಿನ ಮಾತು ಯಾವುದು, ಎಲ್ಲಿಂದ ಬಂತು ಎಂದು ಅವಳು ಸಿಕ್ಕವರನ್ನೆಲ್ಲ ಕೇಳುತ್ತಿದ್ದಳು.

ಪಕ್ಕದ ಮನೆಯ ಎಲ್ಲಮ್ಮ ಕೇಳಿದ ಕೂಡಲೇ ಎದೆ ಮೇಲೆ ಕೈ ಇಟ್ಟುಕೊಂಡಿದ್ದಳು. "ಬ್ಯಾಡ ಕಣಮ್ಮಿ! ನಮ್ಮಕ್ಕನ ಮಗ್ಳಿಗೆ ಫಿಟ್ಸ್ ಬತ್ತದೆ. ಬಾಯೆಲ್ಲ ನೊರೆ, ಕೈಗೆ ಬೀಗದ ಕೈ ಕೊಡ್ಬೇಕು. ಅದು ಬೇಕು ಅಂತ ಯಾರಾನ ಡಾಕ್ಟ್ರ ಕೈಲಿ ಬರೆಸ್ಕೊಂತಾರಾ?" ನೀರಿನ ಪಂಪು ನೋಡಿಕೊಳ್ಳುವ ಪಳನಿಯಪ್ಪನ್ ಒಂದು ಬೋಲ್ಟಿಗೆ ತಿರುಪು ಹಾಕಿ, ಅಲ್ಲಾಡಿಸಿ ತೋರಿಸಿದ್ದ. ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಅದು ಅವಳಿಗೆ ಸ್ವಲ್ಪ ಹಿಡಿಸಿತ್ತು.

"ಪಾವಂ, ಈ ಅಂಗೀಲಿ ಇನ್ನೊಬ್ಬ ಪಾಪಣ್ಣ ಇಡಿಸ್ತಾನೆ," ಎಂದ ವೆಂಕಟಾಚಲಂ, ಅಂಗಿಯ ಪಕ್ಕಗಳನ್ನು ಚಿವುಟಿ ನೋಡುತ್ತ. "ಬಿಗಿ ಮಾಡ್ತೀನಿ. ಅಂಗಿ ತುಂಬಿದ್ರೆ ಮೈ ತುಂಬಿದಂಗೆ ಕಾಣ್ತದೆ. ಆದ್ರೆ ಬಟ್ಟೆ ಕತ್ತರ್ಸಲ್ಲ. ಒಳಗೇ ಮಡಿಸಿ ಬಿಟ್ಟಿರ್ತೀನಿ. ಮೈ ಬಂದ್ಮ್ಯಾಕೆ ದಾರ ಎಳ್ಕೊ."

ಗುರುವಾರ ಡಾಕ್ಟರು ಸ್ಟೇಷನ್ನಿನ ಬೇವಿನ ಮರದಡಿ ಕುರ್ಚಿ ಹಾಕಿಸಿಕೊಂಡು ಕುಳಿತರು. ರಾಜನ ಜುಬಿಲಿಗೆ ಕಟ್ಟಿದ್ದ ಬಣ್ಣದ ಕಾಗದದ ಸರ ಕಂಬದ ಮೇಲೆ ಇನ್ನೂ ಜೋತಾಡುತ್ತಿತ್ತು. ಪಾಪಣ್ಣ ಕೆಂಪು ಬಾವುಟ, ಹಸಿರು ಬಾವುಟ ಸರಿಯಾಗಿ ಹೇಳಿದ, ನಾಲಿಗೆ ಚಾಚಿದ. ಡಾಕ್ಟರು ಅಂಗಿಯ ಅಂಚು ಎಳೆದು ನೋಡಿ ನಕ್ಕರು. "ಸಟ್ಟೆ ಫಿಟ್. ಆಳು?" ಎಂದು ತಮಿಳಿನಲ್ಲೇ ಕೇಳಿ, ಹಳಿಗಳ ರಾಶಿಯತ್ತ ಬೆರಳು ತೋರಿಸಿದರು. "ತೂಕ್ಕಟ್ಟುಂ, ಪಾರ್ಪ್ಪೋಂ."

ಅಂಗಿಯೇನೋ ಫಿಟ್, ಆಳು ಎತ್ತಲಿ, ನೋಡೋಣ ಎಂದರ್ಥ. ಮುನಿರತ್ನಮ್ಮ ಕಂಬದ ಪಕ್ಕದಿಂದ ಮುಂದೆ ಬಂದಳು.

ಚಿಕ್ಕ ರೈಲಿನ ಹಳಿಯನ್ನು ಎಂಟು ಜನ ಭುಜದ ಮೇಲೆ ಹೊರುತ್ತಾರೆ. ಎತ್ತರಕ್ಕೆ ತಕ್ಕ ಹಾಗೆ ಒಬ್ಬೊಬ್ಬರಿಗೂ ಒಂದು ಜಾಗ. ಐದನೆಯದು ಪಾಪಣ್ಣನದು, ಮುಂದೆ ಕುಪ್ಪಸ್ವಾಮಿ, ಹಿಂದೆ ಚೆನ್ನಕೇಶವ. ಈ ಎರಡು ತಿಂಗಳು ಉಳಿದ ಏಳು ಜನರೇ ಹೊತ್ತಿದ್ದರು, ಆದರೆ ನಡುವಿನ ಒಂದಾಳಿನ ಜಾಗವನ್ನು ಯಾರೂ ಮುಚ್ಚಿರಲಿಲ್ಲ. ಹತ್ತಿರ ಹತ್ತಿರ ನಿಂತರೆ ಭಾರ ಸಮನಾಗುವುದಿಲ್ಲವೇ ಎಂದು ಅವಳು ಕೇಳಿದ್ದಕ್ಕೆ ಕುಪ್ಪಸ್ವಾಮಿ, "ಆಯ್ತದೆ ಅಕ್ಕಾ. ಆದ್ರೆ ಇನ್ಸ್‌ಪೆಕ್ಟರ್ ನೋಡುದ್ರೆ ಏಳು ಜನ ಸಾಕು ಅಂದ್ಬುಡ್ತಾನೆ. ಸಂದು ಐತಲ್ಲ, ಅಲ್ಲಿ ನಿನ್ ಗಂಡ ಅವ್ನೆ," ಎಂದಿದ್ದ.

ಈಗ ಆ ಸಂದಿನಲ್ಲಿ ಪಾಪಣ್ಣ ಹೋಗಿ ನಿಂತ. ಮೇಸ್ತ್ರಿ ಕೂಗಿದ, ಎಂಟು ಗಂಟಲು "ಐಲೇಸಾ" ಎಂದವು. ಹಳಿ ಮೇಲೆದ್ದಿತು.

ಆಗ ಮುನಿರತ್ನಮ್ಮ ಕಂಡಳು. ಕುಪ್ಪಸ್ವಾಮಿ, ಚೆನ್ನಕೇಶವ ಇಬ್ಬರೂ ಭುಜದ ಮೇಲೆ ಎರಡೆರಡು ಟವಲು ಮಡಿಸಿ ಇಟ್ಟುಕೊಂಡಿದ್ದರು. ಹಳಿ ಅಷ್ಟು ಮೇಲೇರಿ, ಅವರ ನಡುವೆ ಪಾಪಣ್ಣನ ಭುಜಕ್ಕೂ ಹಳಿಗೂ ಮಧ್ಯೆ ಒಂದು ಬೆರಳಿನಷ್ಟು ಬೆಳಕು ಕಾಣುತ್ತಿತ್ತು. ಅವಳಿಗೆ ಕಂಡದ್ದು ಡಾಕ್ಟರಿಗೆ ಕಾಣದೆ ಇರುತ್ತದೆಯೇ? ಅವಳು ಹೆದರಿ ತಿರುಗಿದಳು. ಡಾಕ್ಟರು ಕನ್ನಡಕ ತೆಗೆದಿದ್ದರು. ಪಂಚೆಯ ಅಂಚಿನಿಂದ ಅದನ್ನು ಒರೆಸುತ್ತ, ಬೆಳಕಿಗೆ ಹಿಡಿದು, ಮತ್ತೆ ಒರೆಸುತ್ತಿದ್ದರು.

ಮೂರು ಹೆಜ್ಜೆ ಹೋದ ಮೇಲೆ ಪಾಪಣ್ಣನ ದನಿ ಕೇಳಿಸಿತು. "ಲೇ ಕುಪ್ಪಾ, ನಾನೇನು ಮೆರವಣಿಗೆಗೆ ಬಂದಿದೀನೇನ್ಲಾ?"

"ಸುಮ್ನೆ ನಡೀಲಾ, ಡಾಕ್ಟ್ರು ನೋಡ್ತಾವ್ರೆ."

ಪಾಪಣ್ಣ ನಾಲ್ಕನೆಯ ಹೆಜ್ಜೆಗೆ ಉಸಿರು ಹಿಡಿದು ಬೆನ್ನು ನೆಟ್ಟಗೆ ಮಾಡಿದ. ಭುಜ ಮೇಲಕ್ಕೆ ಹೋಯಿತು, ಬೆರಳಗಲದ ಬೆಳಕು ಮುಚ್ಚಿತು. ಕತ್ತಿನ ನರ ಉಬ್ಬಿತು. ಕಾಲು ಒಂದು ಸಲ ನಡುಗಿ, ಜಲ್ಲಿಯ ಮೇಲೆ ಊರಿ ನಿಂತು, ಮುಂದಕ್ಕೆ ಹೋಯಿತು.

ಡಾಕ್ಟರು ಕನ್ನಡಕ ಏರಿಸಿಕೊಂಡು ಚೀಟಿ ಎಳೆದುಕೊಂಡರು. ಓದು ಬಾರದ ಮುನಿರತ್ನಮ್ಮ ಅವರ ಪೆನ್ನನ್ನೇ ನೋಡುತ್ತಿದ್ದಳು. ಹೋದ ವಾರಕ್ಕಿಂತ ಚಿಕ್ಕ ಮಾತೊಂದು ಬರೆದು, ಬೇಗ ಅದು ಕಾಗದದಿಂದ ಮೇಲೆದ್ದಿತು.

ಅವಳು ಹಳಿಯ ಕಡೆ ತಿರುಗಿದಳು. ಎಂಟು ಜನ ಸಾಲಾಗಿ ದೂರ ಹೋಗುತ್ತಿದ್ದರು. ಐದನೆಯವನ ಕಂಕುಳ ಕೆಳಗೆ ಹೊಲಿಗೆ ಬಿಟ್ಟು, ಒಳಗೆ ಮಡಿಸಿಟ್ಟಿದ್ದ ಬಟ್ಟೆ ಮೂರು ಬೆರಳಗಲ ಹೊರಗೆ ಬಂದು ಹೆಜ್ಜೆ ಹೆಜ್ಜೆಗೂ ಆಡುತ್ತಿತ್ತು.