ಗಿರಿಜವ್ವನ ಮನಿ ನೋಡಾಕ ಬಂದ ಸಾಹೇಬ

ಸಾಹೇಬ ಬರ್ತಾನ ಅಂದ್ರ ಮನಿ ಸಾರಿಸಬಾರದು ಅಂತ ನಮಗ ಯಾರ ಹೇಳಿದ್ರೀ? ಕೃಷ್ಣಾ ದಂಡಿ ಮಂದಿ ನಾವು. ಬಾಗಲಕ್ಕ ಯಾರರ ಬರಾಕತ್ತಾರ ಅಂದ್ರ ಓಣಿಗೆ ಓಣಿನ ಎದ್ದ ನಿಲ್ಲತೈತಿ. ಒಬ್ಬರ ಮನಿ ಖುರ್ಚಿ, ಇನ್ನೊಬ್ಬರ ಮನಿ ಕಪ್ಪು-ಬಸಿ ತಂದ ಮರ್ಯಾದಿ ಉಳಸತೀವಿ.

ನಮ್ಮ ಬಾಜೂಕಿನ ಗಿರಿಜವ್ವನ ಮನಿ ಹೊಳಿ ಬಂದಾಗ ಬಿತ್ತು. ಅವತ್ತಿಂದ ಆಕಿ, ಆಕಿ ಮಗಳು ಸೌಂದರ್ಯಾ ಇಬ್ಬರೂ ಕಬ್ಬಿನ ಒಣಗರಿ ರವದಿ ಹೊಚ್ಚಿದ ಗುಡಿಸಲದಾಗ ಅದಾರ. ಬಾಗಲದಾಗ ಒಂದ ಹಳೇ ಸೀರಿ ಇಳೇಬಿಟ್ಟಾರ, ಅಷ್ಟ. ಹುಡುಗಿ ಕಾಲೇಜಿಗೆ ಹೋಗತಾಳ, ವಯಸ್ಸಿಗೆ ಬಂದಾಳ. ಗಿರಿಜವ್ವ ಕಬ್ಬ ಕಡ್ಯಾಕ ಹೋದ್ರೂ ಜೀವ ಇಲ್ಲೇ ಇರತಿತ್ತು. "ಸುಗಂಧಾ, ನನಗ ಬಂಗಲಿ ಬ್ಯಾಡವಾ. ಒಳಗಿಂದ ಚಿಲಕ ಹಾಕೋವಂಥಾ ಒಂದ ಕದ ಸಾಕು," ಅಂತಿದ್ಲು.

ಸರಕಾರಿ ಮನಿಗೆ ಅರ್ಜಿ ಹಾಕಿದ್ಲು. ನೋಡಾಕ ವಿಕ್ರಾಂತ ಅನ್ನೋ ಸಾಹೇಬ ಬರ್ತಾನ ಅಂತ ಸುದ್ದಿ ಬಂತು. ತಗೋರಿ, ಚಿಂಚಲಿ ಬೀಗರ ಬಂದಂಗ ಗಡಬಡ! ಶೆಗಣಿಲೆ ಸಾರಿಸಿದ್ವಿ, ರಂಗೋಲಿ ಹಾಕಿದ್ವಿ. ನಾ ನಮ್ಮ ಖುರ್ಚಿ, ಟೇಬಲ್ ಫ್ಯಾನ್ ಕೊಟ್ಟೆ, ವಾಯರ್ ನಮ್ಮ ಕಿಡಕ್ಯಾಗಿಂದ ಎಳದ್ವಿ. ಎದುರ ಮನಿ ಭಾವುಸಾಹೇಬ ಕಾಕಾ ತಮ್ಮ ಮಂಚ, ಗಾದಿ ಹೊತ್ತ ತಂದ್ರು. ಸಾಹೇಬ ಕುಂತ, ಗಾಳಿ ತಗೊಂಡ, ಉಪ್ಪಿಟ್ಟ ತಿಂದ, ಚಾ ಕುಡದ, ಮೊಬೈಲದಾಗ ಫೋಟೋ ಹೊಡಕೊಂಡ ಹೋದ.

ಮುಂದ ಉತ್ತರ ಬಂತು: 'ಅರ್ಜಿದಾರರು ಅನುಕೂಲಸ್ಥರು. ಮಂಚ, ಫ್ಯಾನು, ಖುರ್ಚಿ ಇವೆ.' ಅಯ್ಯ ಇವನ! ನಮ್ಮ ಖುರ್ಚಿ ಮ್ಯಾಲೆ ಕುಂತ ಗಿರಿಜವ್ವನ ಸಾಹುಕಾರ್ತಿ ಮಾಡಿ ಹೋಗಿದ್ದ.

ಜಗಳಾಡಿ ಎರಡನೇ ಸಲ ಕರಿಸಿದ್ವಿ. ಈ ಸಲ ನಾವೂ ಶಾಣ್ಯಾರಾದ್ವಿ. ಮಂಚಿಲ್ಲ, ಖುರ್ಚಿ ಇಲ್ಲ. ಆಕಿವಽ ನಾಕ ಭಾಂಡೆ ಇದ್ದು, ಅವನ್ನೂ ನಮ್ಮ ಮನ್ಯಾಗ ಮುಚ್ಚಿಟ್ವಿ. ಒಲಿ ಸೈತ ಹಚ್ಚಲಿಲ್ಲ. ಕುಂದ್ರಾಕ ಏನೂ ಇಲ್ಲದ್ದಕ್ಕ ಸಾಹೇಬ ಬಾಗಲದಾಗಽ ನಿಂತ. "ಅಕ್ಕಾರ, ಒಂದೀಟ ಬಾಜೂಕ ಸರೀರಿ, ಒಳಗಿನ ಫೋಟೋ ಬರವಲ್ದು," ಅಂದ. ಗಿರಿಜವ್ವ ಪಾಪ, ಸರದ ನಿಂತ್ಲು.

ಏನ ಬರದಿದ್ದ ಗೊತ್ತೇನ್ರಿ? 'ಇಲ್ಲಿ ಯಾರೂ ವಾಸವಿಲ್ಲ.'

ಕೈ ಕಟಗೊಂಡ ಅವನ ಮುಂದಽ ನಿಂತಿದ್ಲಲ್ರೀ ಆಕಿ! ನನಗ ಸಿಟ್ಟ ನೆತ್ತಿಗೇರಿತು. ಗಿರಿಜವ್ವ ಮಾತ್ರ ನಮ್ಮ ಮನ್ಯಾಗಿಂದ ತನ್ನ ಭಾಂಡೆ ತಗೊಂಡ ಹೋದ್ಲು.

ಅಂತೂ ನಮ್ಮೂರಾಗ ಮನಿ ಇಲ್ಲದವರಽ ಇಲ್ಲಂತ ತೀರ್ಮಾನ ಆತು. ಅದಕ್ಕ ಪೆಂಡಾಲ ಹಾಕಿ ಕಾರ್ಯಕ್ರಮ, ಹಾರ, ಭಾಷಣ. ಹಿಂದ ದೊಡ್ಡ ಫ್ಲೆಕ್ಸ್: 'ಎಲ್ಲರಿಗೂ ಸ್ವಂತ ಸೂರು'. ಖುರ್ಚಿ ಕಡಿಮಿ ಬಿದ್ದು ಮತ್ತ ನಮ್ಮ ಮನಿಗೇ ಬಂದ್ರು. ನಾ ಕೊಡಲಿಲ್ಲ. ಎಲ್ಲಾರೂ ಹೋದ ಮ್ಯಾಲೆ ಫ್ಲೆಕ್ಸ್ ಅಲ್ಲೇ ಬಿದ್ದಿತ್ತು. ಗಿರಿಜವ್ವ ಅದನ್ನ ತಂದ ಸೀರಿ ಜಾಗಾದಾಗ ಕಟ್ಟಿದ್ಲು. ಮಳಿ ಎರಚಲು ಒಳಗ ಬರೂದ ನಿಂತಿತು. "ಇಷ್ಟರ ಆತವಾ," ಅಂದ್ಲು.

ಮರುದಿನ ಮುಂಜಾನೆ ಸುರಿಯೋ ಮಳ್ಯಾಗಽ ವಿಕ್ರಾಂತ ಗಾಡಿ ತಗೊಂಡ ಬಂದ. ಮುಂದಿನ ಊರಿನ ಕಾರ್ಯಕ್ರಮಕ್ಕ ಅದಽ ಫ್ಲೆಕ್ಸ್ ಬೇಕಂತ! ಒಳಗ ಸೌಂದರ್ಯಾ ಜಳಕಾ ಮಾಡಾಕತ್ತಿದ್ಲು. ಇವ ಫ್ಲೆಕ್ಸ್ ಕಟ್ಟಿದ ಹಗ್ಗಕ್ಕ ಕೈ ಹಾಕಿದ. ಗಿರಿಜವ್ವ ಓಡಿ ಬಂದ ಅಡ್ಡ ನಿಂತ್ಲು.

"ಅಕ್ಕಾರ, ಬಾಜೂಕ ಸರೀರಿ. ಹೊತ್ತಾಗತೈತಿ."

"ಯಾರೂ ಇಲ್ಲಂತ ನೀವಽ ಬರದೀರಲ್ರೀ ಸಾಹೇಬ್ರ. ಮತ್ತ ಸರೀರಿ ಅಂತ ಯಾರಿಗೆ ಹೇಳಾಕತ್ತೀರಿ?"

ಸರೀಲಿಲ್ಲ ಆಕಿ. ನಾ ಓಡಿ ಹೋಗಿ ನಮ್ಮ ಖುರ್ಚಿ ತಂದ ಬಾಗಲದಾಗ ಹಾಕಿದೆ. ಸೌಂದರ್ಯಾ ಜಳಕಾ ಮುಗಿಸಿ ಅರಬಿ ಹಾಕೊಳ್ಳೂತನಕಾ ಗಿರಿಜವ್ವ ಅದರ ಮ್ಯಾಲೆ ಕುಂತಽ ಇದ್ಲು. ಸಾಹೇಬ ಮಳ್ಯಾಗ ತೊಯ್ಸಿಕೋತ ನಿಂತಿದ್ದ.