ತಲೆ ಎತ್ತುವ ಮಂಚ

ನಾನು ಒಂದು ಕಬ್ಬಿಣದ ಮಂಚ. ಹುಬ್ಬಳ್ಳಿಯ ವೆಲ್ಡಿಂಗ್ ಶೆಡ್ಡೊಂದರಲ್ಲಿ ಕಿಡಿಗಳ ನಡುವೆ ಹುಟ್ಟಿದೆ. ಕಾಲಬದಿಯ ಹಿಡಿಕೆ ತಿರುವಿದರೆ ನನ್ನ ತಲೆಭಾಗ ಮೇಲೇಳುತ್ತದೆ. ನನಗೆ ಬರುವ ವಿದ್ಯೆ ಅದೊಂದೇ. ಆರು ವರ್ಷ ಆಸ್ಪತ್ರೆಯೊಂದರಲ್ಲಿದ್ದೆ. ಮಲಗಿದವರ ಹೆಸರು ತಿಳಿಯುವಷ್ಟರಲ್ಲಿ ಅವರು ಮನೆಗೆ ಹೊರಟಿರುತ್ತಿದ್ದರು. ಬಣ್ಣ ಸುಲಿದ ಮೇಲೆ ನನ್ನನ್ನು ಮಾರಿದರು. ಕುಬಸದ ಎಂಬ ಮನೆತನದವರ ಮನೆ ಸೇರಿದೆ.

ಆ ಮನೆಯ ಹಿರಿಯರು ವಿರೂಪಾಕ್ಷಪ್ಪ. ಪಾರ್ಶ್ವವಾಯು ಹೊಡೆದು ಅವರಿಗೆ ನುಂಗುವ ಶಕ್ತಿಯೇ ಹೋಗಿತ್ತು. ಊಟವೆಲ್ಲ ಮೂಗಿನ ನಳಿಕೆಯಿಂದ. ಮಗಳು ದಾಕ್ಷಾಯಣಿ ಶಾಲೆಯ ಟೀಚರು. ಆಸ್ಪತ್ರೆಯ ನರ್ಸ್ ಕಲಿಸಿದ್ದನ್ನು ಅವರು ಕೆಲಸಕ್ಕೆ ಬಂದ ದುರ್ಗವ್ವನಿಗೆ ಕಲಿಸಿದರು. ದುರ್ಗವ್ವ ಅಂಗನವಾಡಿಯಲ್ಲಿ ಅಡುಗೆ ಮಾಡಿಕೊಂಡಿದ್ದವಳು. ಯಾವ ಸರ್ಟಿಫಿಕೇಟೂ ಇರಲಿಲ್ಲ, ಓದೂ ಬಾರದು. ಆದರೆ ಜಾಣೆ. ಎಲ್ಲವನ್ನೂ ಬೀಸುಕಲ್ಲಿನ ಹಾಡಿನ ಧಾಟಿಗೆ ಕಟ್ಟಿಕೊಂಡಳು: "ಮೊದಲ ತಲಿ ಎತ್ತು, ಆಮ್ಯಾಲ ನಳಿಗಿ ನೋಡು, ಆಮ್ಯಾಲ ಗಂಜಿ ಬಿಡು, ಬಾಯಿಗಿ ಹನಿ ನೀರೂ ಬ್ಯಾಡ." ಕೇಳಿ ಕೇಳಿ ನನಗೂ ಬಾಯಿಪಾಠವಾಯಿತು.

ಎಂಟು ದಿನ ದಾಕ್ಷಾಯಣಿ ಪಕ್ಕದಲ್ಲೇ ನಿಂತು ಮಾಡಿಸಿದರು. ಆಮೇಲೂ ನೆಮ್ಮದಿಯಿಲ್ಲ. ಒಂದು ಗುಟುಕು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ಅಪ್ಪನ ಜೀವಕ್ಕೇ ಕುತ್ತು ಎಂದು ನರ್ಸ್ ಎಚ್ಚರಿಸಿದ್ದರು. ಓದುಬರಹವಿಲ್ಲದವಳ ಕೈಗೆ ಅಪ್ಪನನ್ನು ಒಪ್ಪಿಸಿದೆನಲ್ಲ ಎಂದು ಶಾಲೆಯಿಂದ ಗಂಟೆಗೊಮ್ಮೆ ಫೋನ್ ಮಾಡುತ್ತಿದ್ದರು. ನಾನು ಅವರನ್ನು ಬೈಯಲಾರೆ. ಹೆತ್ತವರ ವಿಷಯದಲ್ಲಿ ಯಾರ ಜೀವವಾದರೂ ಅಳುಕುತ್ತದೆ.

ಒಂದು ಶ್ರಾವಣ ಸೋಮವಾರ ದಾಕ್ಷಾಯಣಿ ಮಠದಿಂದ ತೀರ್ಥ ತಂದರು. ಮೈ ಒರೆಸಲೆಂದು ನನ್ನನ್ನು ಸಮತಟ್ಟಾಗಿ ಇಳಿಸಿದ್ದ ದುರ್ಗವ್ವ, ಬಟ್ಟೆ ಹಿಂಡಲು ಬಚ್ಚಲಿಗೆ ಹೋಗಿದ್ದಳು. ಮಗಳು ಭಕ್ತಿಯಿಂದ ಅಪ್ಪನ ತುಟಿ ಬಿಡಿಸಿ ಒಂದು ಚಮಚ ತೀರ್ಥ ಹಾಕಿದರು. ಅವರ ಪಾಲಿಗೆ ತೀರ್ಥವೆಂದರೆ ನೀರಲ್ಲ. ಗಂಟಲಿಗೆ ಅದು ಗೊತ್ತಾಗಬೇಕಲ್ಲ.

ಅಜ್ಜನಿಗೆ ಕೆಮ್ಮು ಒತ್ತರಿಸಿ ಮುಖ ನೀಲಿಗಟ್ಟಿತು. ದಾಕ್ಷಾಯಣಿ ಚಮಚ ಹಿಡಿದು ಕಲ್ಲಾಗಿ ನಿಂತರು. ದುರ್ಗವ್ವ ಓಡಿ ಬಂದು ಅಜ್ಜನನ್ನು ಮಗ್ಗುಲಿಗೆ ಹೊರಳಿಸಿದಳು, ಬಾಯಿಂದ ನೀರು ಇಳಿಯಗೊಟ್ಟಳು, ಉಸಿರು ಹದಕ್ಕೆ ಬಂದ ಮೇಲೆ ನನ್ನ ಹಿಡಿಕೆ ತಿರುವಿ ತಲೆ ಎತ್ತಿದಳು. ಡಾಕ್ಟರು ಬಂದು ಎದೆ ಪರೀಕ್ಷಿಸಿ ಅಪಾಯವಿಲ್ಲ ಎಂದರು. ಮರುದಿನದಿಂದ ಶಾಲೆಯ ಫೋನು ಮಧ್ಯಾಹ್ನಕ್ಕೆ ಒಂದೇ ಸಲ ಬರತೊಡಗಿತು.

ಎರಡು ವರ್ಷ ಕಳೆದು ಅಜ್ಜ ಶಾಂತವಾಗಿ ಕಣ್ಣು ಮುಚ್ಚಿದರು. ದಾಕ್ಷಾಯಣಿ ನನ್ನನ್ನು ತಮ್ಮ ಶಾಲೆಯ ಗಿರಿಜಾ ಟೀಚರ ಮನೆಗೆ ಕೊಟ್ಟರು. ಗಿರಿಜಾರ ಅತ್ತೆಗೂ ಆಗಷ್ಟೇ ನಳಿಕೆ ಹಾಕಿದ್ದರು. ಈ ಮನೆಯೇ ನನ್ನ ಕೊನೆಯ ಮೂಲೆ. ಈಗ ನನಗೆ ವಯಸ್ಸಾಗಿದೆ, ತಲೆ ಎತ್ತುವಾಗ ಮೈಯೆಲ್ಲ ಕಿರುಗುಟ್ಟುತ್ತದೆ. ಎಷ್ಟೋ ಕೈಗಳನ್ನು ಕಂಡಿದ್ದೇನೆ. ಕಲಿತ ಕೈಯೂ ತಪ್ಪುತ್ತದೆಂದು ಬಲ್ಲೆ. ಆದರೆ ನಾನು ಇಲ್ಲಿಗೆ ಬಂದ ದಿನ ಕೇಳಿದಂಥ ಮಾತನ್ನು ಮತ್ತೆಲ್ಲೂ ಕೇಳಿಲ್ಲ.

ಅಂದು ಕಲಿಸಲೆಂದು ದಾಕ್ಷಾಯಣಿ ದುರ್ಗವ್ವನನ್ನೇ ಕರೆತಂದಿದ್ದರು. ಎಲ್ಲ ತೋರಿಸಿ ಮುಗಿಸಿದ ದುರ್ಗವ್ವ, ತೀರ್ಥವನ್ನೂ ಬಾಯಿಗೆ ಹಾಕಬಾರದೆಂದು ಹೇಳಿದಳು. ಗಿರಿಜಾ ನಕ್ಕು, "ಅಷ್ಟೂ ತಿಳಿಯಂಗಿಲ್ಲೇನ? ಹಂಗ ಯಾರರ ಹಾಕತಾರೇನು?" ಎಂದರು. ದುರ್ಗವ್ವ ತಲೆ ಬಗ್ಗಿಸಿ ನನ್ನ ಹಿಡಿಕೆ ಒರೆಸತೊಡಗಿದಳು.

"ನಾ ಹಾಕಿದ್ದೆ" ಎಂದರು ದಾಕ್ಷಾಯಣಿ. "ಈಕಿ ಇದ್ಲಂತ ನಮ್ಮಪ್ಪ ಉಳಿದ."